ಒಂದೇ ತಂಡದ ಜೋಡಿ: ಆಫೀಸಿಗೆ ಹೇಳೋದು ಯಾವಾಗ, ಉಂಗುರದ ಅಳತೆ ಗುಟ್ಟಾಗಿ ತಗೊಳ್ಳೋದು ಹೇಗೆ?

ಮೌನಿ:
ಒಂದೇ ಪ್ರಾಜೆಕ್ಟಿನಲ್ಲಿ ಪರಿಚಯವಾದ ಇಬ್ಬರು ಈಗ ನಿಶ್ಚಿತಾರ್ಥದ ಹಂತಕ್ಕೆ ಬಂದಿದ್ದಾರೆ. ಒಬ್ಬರ ರಜೆಗೆ, ಖರ್ಚಿನ ಬಿಲ್ಲಿಗೆ ಸಹಿ ಹಾಕೋದು ಇನ್ನೊಬ್ಬರೇ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲು ಯಾರಿಗೆ ಹೇಳಬೇಕು, ಬಾಯಲ್ಲೋ ಬರಹದಲ್ಲೋ? ಜೊತೆಗೆ, ಉಂಗುರ ಕೊಟ್ಟೇ ಕೇಳಬೇಕು ಅಂತಿದ್ದರೆ ಬೆರಳಿನ ಅಳತೆ ಗೊತ್ತಾಗದ ಹಾಗೆ ತಗೊಳ್ಳೋಕೆ ಆಗುತ್ತಾ?

ಕಡತವಾಸಿ:
ಉಂಗುರದ ವಿಷಯ ಬಲ್ಲವರು ಹೇಳಲಿ. ಇಲ್ಲಿ ತೊಡಕಿರೋದು ಪ್ರೀತಿಯಲ್ಲಲ್ಲ, ಆ ಸಹಿಯಲ್ಲಿ. ಬೇರೆ ಬೇರೆ ವಿಭಾಗದವರಾಗಿದ್ದರೆ ಎಷ್ಟೋ ಕಡೆ ತಲೆ ಕೆಡಿಸ್ಕೊಳ್ಳಲ್ಲ. ಒಬ್ಬರು ಇನ್ನೊಬ್ಬರ ಮೇಲಧಿಕಾರಿ ಆಗಿದ್ದರೆ ನಿಶ್ಚಿತಾರ್ಥದ ತನಕ ಕಾಯೋದೇ ತಪ್ಪು. 2019ರ ನವೆಂಬರಿನಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಸಿಇಒ ಸ್ಟೀವ್ ಈಸ್ಟರ್‌ಬ್ರೂಕ್ ಅವರನ್ನೇ ಉದ್ಯೋಗಿಯೊಬ್ಬರ ಜೊತೆಗಿನ ಸಂಬಂಧಕ್ಕಾಗಿ ಹೊರಗೆ ಕಳಿಸಿತು. ಅದು ಇಬ್ಬರೂ ಒಪ್ಪಿದ ಸಂಬಂಧ ಅಂತ ಕಂಪನಿಯೇ ಹೇಳಿತ್ತು!

ಮೊದಲು ನಿಯಮಾವಳಿ ತೆಗೆದು ನೋಡಿ. ಸಹೋದ್ಯೋಗಿಗಳ ಸಂಬಂಧದ ನಿಯಮ ಸಾಮಾನ್ಯವಾಗಿ 'ಹಿತಾಸಕ್ತಿ ಸಂಘರ್ಷ' ಅನ್ನೋ ಭಾಗದಲ್ಲಿ ಅಡಗಿರುತ್ತೆ. ಹೇಳಬೇಕಾದವರು ಮೇಲಿನ ಸ್ಥಾನದಲ್ಲಿರೋರು. ತಮ್ಮ ಮ್ಯಾನೇಜರಿಗೂ ಎಚ್‌ಆರ್‌ಗೂ ಒಂದೇ ದಿನ. ಬಾಯಲ್ಲಿ ಹೇಳಿ, ಅವತ್ತೇ ಇಮೇಲ್ ಹಾಕಿ. ನಾಲ್ಕೇ ಸಾಲು ಸಾಕು: ಇಬ್ಬರ ಹೆಸರು, ಇಬ್ಬರ ಒಪ್ಪಿಗೆ, ಈಗ ಯಾರು ಯಾರ ಕೆಳಗೆ, ವರದಿ ವ್ಯವಸ್ಥೆ ಬದಲಿಸಿ ಅನ್ನೋ ಕೋರಿಕೆ. ಪ್ರೇಮಕಥೆ ಬೇಡ. ಅವತ್ತಿಂದಲೇ ರಜೆ, ಬಿಲ್ಲು, ಅಪ್ರೈಸಲ್, ಬಡ್ತಿ ಶಿಫಾರಸು, ಶಿಫ್ಟ್ ಹಂಚಿಕೆ ಯಾವುದನ್ನೂ ಮುಟ್ಟಬಾರದು. ಈಗಾಗಲೇ ಮಾಡಿದ ಸಹಿಗಳಿದ್ದರೆ ನೀವೇ ಪಟ್ಟಿ ಮಾಡಿ ಕೊಡಿ. ಅವರು ಹುಡುಕಿ ತೆಗೆದರೆ ಮುಚ್ಚಿಟ್ಟಂತೆ ಕಾಣುತ್ತೆ.

ವರ್ಗಾವಣೆ ಅಂತ ಬಂದಾಗ ಹೆಚ್ಚಾಗಿ ಎತ್ತಂಗಡಿ ಆಗೋದು ಕೆಳಗಿನ ಹುದ್ದೆಯವರು. ಸಂಬಳ, ದರ್ಜೆ ಬದಲಾಗಲ್ಲ ಅನ್ನೋದನ್ನ ಬರಹದಲ್ಲಿ ಪಡೆಯದೆ ಒಪ್ಪಬೇಡಿ.

ಇಣುಕುನೋಟ:
ಒಂದು ಸೇರಿಸ್ತೀನಿ. ಕಂಪನಿಯ ಚಾಟ್, ಇಮೇಲ್ ನಿಮ್ಮ ಖಾಸಗಿ ಜಾಗ ಅಲ್ಲ, ಅಡ್ಮಿನ್ ತೆಗೆದು ಓದೋಕಾಗುತ್ತೆ. ಗುಟ್ಟು ರಟ್ಟಾಗೋದು ಮಾತ್ರ ಇನ್ನೂ ಸಣ್ಣ ಕಾರಣಕ್ಕೆ: ಮೀಟಿಂಗಿನಲ್ಲಿ ಸ್ಕ್ರೀನ್ ಹಂಚಿಕೊಂಡಾಗ ಮೂಲೆಯಲ್ಲಿ ಹಾರಿ ಬರೋ ಮೆಸೇಜು, ಎಲ್ಲರಿಗೂ ಕಾಣೋ ಕ್ಯಾಲೆಂಡರು, ಒಂದೇ ದಿನ ಬಿದ್ದ ಎರಡು ರಜೆ ಅರ್ಜಿ.

ಅಕ್ಕಸಾಲಿ:
ಅದೇ ಕೈಯ ಅದೇ ಬೆರಳಿಗೆ ಸರಿಯಾಗಿ ಕೂರೋ ಹಳೇ ಉಂಗುರ ಸಿಕ್ಕರೆ ಅರ್ಧ ಕೆಲಸ ಮುಗೀತು. ಎಡ-ಬಲ ಬೆರಳು ಸಮ ಇರಲ್ಲ, ಹೆಚ್ಚು ಬಳಸೋ ಕೈಯದ್ದು ಸಾಮಾನ್ಯವಾಗಿ ತುಸು ದಪ್ಪ. ಉಂಗುರದ ಒಳವ್ಯಾಸವನ್ನ ವರ್ನಿಯರ್ ಕ್ಯಾಲಿಪರ್‌ನಲ್ಲಿ (ಮಿ.ಮೀ.ನ ಭಾಗಗಳನ್ನೂ ಅಳೆಯೋ ಸಾಧನ) ಅಳೆದು 3.14ರಿಂದ ಗುಣಿಸಿ, ಒಳಸುತ್ತಳತೆ ಬರುತ್ತೆ. ಉದಾಹರಣೆಗೆ 17.3 ಮಿ.ಮೀ. ವ್ಯಾಸ ಅಂದ್ರೆ ಸುಮಾರು 54.3 ಮಿ.ಮೀ. ಸುತ್ತು, ಅಮೆರಿಕನ್ ಅಳತೆಯಲ್ಲಿ 7. ಸ್ಕೇಲಿನಲ್ಲಿ ವ್ಯಾಸ 1 ಮಿ.ಮೀ. ತಪ್ಪಿದರೆ ಒಂದು ಸೈಜಿಗಿಂತ ಜಾಸ್ತಿ ಏರುಪೇರು. ನಿದ್ದೆ ಮಾಡುವಾಗ ದಾರ ಸುತ್ತೋ ಉಪಾಯ ಬಿಡಿ, ದಾರ ಹಿಗ್ಗುತ್ತೆ. ತೆಳು ಕಾಗದದ ಪಟ್ಟಿ ವಾಸಿ, ಆದ್ರೆ ಉಂಗುರ ಗೆಣ್ಣು ದಾಟಬೇಕು ಅನ್ನೋದು ನೆನಪಿರಲಿ. ಬೆರಳು ಸೆಕೆಗೆ ಊದುತ್ತೆ, ಚಳಿಗೆ ಸೊರಗುತ್ತೆ. ಅಗಲದ ಉಂಗುರ ಬಿಗಿ ಅನ್ನಿಸುತ್ತೆ, ಅರ್ಧ ಸೈಜು ಹೆಚ್ಚಿರಲಿ.

ಅನುಮಾನ ಇದ್ದರೆ ದೊಡ್ಡದೇ ತಗೊಳ್ಳಿ, ಚಿಕ್ಕದು ಮಾಡೋದು ಸುಲಭ. ಸುತ್ತಲೂ ಹರಳು ಕೂರಿಸಿದ್ದು, ಟಂಗ್‌ಸ್ಟನ್‌ದು ತಗೋಬೇಡಿ; ಆಮೇಲೆ ಹಿಗ್ಗಿಸೋಕೂ ಕುಗ್ಗಿಸೋಕೂ ಬರಲ್ಲ. ದಿನವಿಡೀ ಹಾಕೋದಾದ್ರೆ ಓಪಲ್ ಬೇಡ. ಖನಿಜಗಳ ಗಡಸುತನ ಅಳೆಯೋ 1ರಿಂದ 10ರ ಮೋಸ್ ಮಾಪನದಲ್ಲಿ, ಧೂಳಿನಲ್ಲಿರೋ ಕ್ವಾರ್ಟ್ಜ್ ಅನ್ನೋ ಖನಿಜದ್ದು 7, ಓಪಲ್‌ದು 5.5ರಿಂದ 6.5, ಗೀರು ಬಿದ್ದೇ ಬೀಳುತ್ತೆ. ನೀಲಮಣಿ 9, ತಡ್ಕೊಳ್ಳುತ್ತೆ.

ಮೌನಿ:
ಹಾಗಾದ್ರೆ ಎಚ್‌ಆರ್ ಮೊದಲಾ, ಉಂಗುರ ಮೊದಲಾ?

ಕಡತವಾಸಿ:
ಎಚ್‌ಆರ್. ಇಮೇಲಿನಲ್ಲಿ ಇಬ್ಬರ ಹೆಸರೂ ಇರೋದ್ರಿಂದ ಇನ್ನೊಬ್ಬರು ಓದಿ ಒಪ್ಪದೆ ಕಳಿಸೋ ಹಾಗಿಲ್ಲ. ಆದ್ರೆ ಅದರಲ್ಲಿ ಸಂಬಂಧ ಇದೆ ಅಂದ್ರೆ ಸಾಕು, ನಿಶ್ಚಿತಾರ್ಥದ ಮಾತೇ ಬರಬೇಕಿಲ್ಲ. ಉಂಗುರದ ಗುಟ್ಟು ಗುಟ್ಟಾಗೇ ಇರುತ್ತೆ. ಕೇಳೋದು ಮಾತ್ರ ಆಫೀಸಿನಲ್ಲಿ ಬೇಡ. ಮೊಬೈಲ್ ಹಿಡಿದು ನಿಂತ ಸಹೋದ್ಯೋಗಿಗಳ ಎದುರು 'ಸ್ವಲ್ಪ ಯೋಚನೆ ಮಾಡ್ತೀನಿ' ಅನ್ನೋಕೆ ಯಾರಿಗೂ ಬಾಯಿ ಬರಲ್ಲ.