ಅಪ್‌ಡೇಟ್: ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಹಣ ಕೊನೆಗೂ ಬಂತು

ಪಕ್ಕದ ಮನೆ ಹುಡುಗಿಗೆ ಎನ್‌ಎಂಎಂಎಸ್ (ಬಡ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ) ಮಂಜೂರಾಗಿದ್ದರೂ ವರ್ಷದ 12,000 ರೂಪಾಯಿ ಬಂದಿಲ್ಲ, ಏನು ಮಾಡಬೇಕು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಬಂದಿದೆ! ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅವಳ ಅಮ್ಮನಿಗೆ ಇದು ಸಣ್ಣ ಮೊತ್ತವಲ್ಲ.

'ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ' ಎಂದವರ ಸಲಹೆಯೇ ಕೆಲಸ ಮಾಡಿತು. ಸೀಡಿಂಗ್ ಅಂದರೆ ಸರ್ಕಾರದ ಹಣ ಬರಲು ಆಧಾರ್ ಅನ್ನು ಬ್ಯಾಂಕ್ ಖಾತೆಗೆ ಜೋಡಿಸುವುದು. ನೋಡಿದರೆ ಅವಳ ಆಧಾರ್, ಪ್ರೈಮರಿಯಲ್ಲಿದ್ದಾಗ ತೆರೆದ ಹಳೇ ಖಾತೆಗೇ ಜೋಡಣೆಯಾಗಿತ್ತು. ಆ ಖಾತೆ ಬಳಕೆಯಿಲ್ಲದೆ ನಿಂತುಹೋಗಿದೆ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿರುವ (ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿರುವ) ಬ್ಯಾಂಕಿಗೆ. ಅದಕ್ಕೇ ಹೊಸ ಪಾಸ್‌ಬುಕ್ ಪ್ರತಿ ಕೊಟ್ಟರೂ ಏನೂ ಆಗಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದ್ದೂ ಉಪಯೋಗಕ್ಕೆ ಬರಲಿಲ್ಲ.

ನನಗೆ ಆಶ್ಚರ್ಯವಾಗಿದ್ದು ಇದು: ಕೆವೈಸಿಗೆ (ಬ್ಯಾಂಕಿನ ಗುರುತು ಪರಿಶೀಲನೆಗೆ) ಆಧಾರ್ ಜೆರಾಕ್ಸ್ ಕೊಡುವುದೇ ಬೇರೆ, ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರಲು) ಸೀಡಿಂಗ್ ಮಾಡಿಸುವುದೇ ಬೇರೆ. ಎರಡನೆಯದಕ್ಕೆ ಒಪ್ಪಿಗೆ ಕೊಡಲೇಬೇಕು. ಒಂದು ಆಧಾರ್ ಒಂದೇ ಬ್ಯಾಂಕಿಗೆ ಮ್ಯಾಪ್ ಆಗುತ್ತದೆ, ಕೊನೆಗೆ ಮಾಡಿಸಿದ್ದೇ ಲೆಕ್ಕ. ಎಷ್ಟು ಬಡ ಮಕ್ಕಳ ಹಣ ಹೀಗೆ ಸುಮ್ನೆ ಸಿಕ್ಕಿಕೊಂಡಿದೆಯೋ ಅಂತ ಸಂಕಟವಾಗುತ್ತದೆ.

ನಾವು ಅಂಚೆ ಕಚೇರಿಗೆ ಹೋಗಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದೆವು. ಬೆರಳಚ್ಚು ಕೊಟ್ಟು ಅಲ್ಲೇ ಸೀಡಿಂಗ್‌ಗೂ ಹಾಕಿದೆವು. ಸ್ಟೇಟಸ್ 'ಆ್ಯಕ್ಟಿವ್' ಆದ ಮೇಲೆ ಬಾಕಿ ಹಣ ಜಮಾ ಆಯಿತು.

ರಿನ್ಯೂವಲ್ ಬಗ್ಗೆ ಕೇಳಿದ್ದವರಿಗೆ: ಪ್ರತಿ ವರ್ಷ ಎನ್‌ಎಸ್‌ಪಿಯಲ್ಲಿ (ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ) ಮಾಡಲೇಬೇಕು, ತಾನಾಗಿ ಮುಂದುವರಿಯುವುದಿಲ್ಲ. ಪಿಯುಸಿಗೂ ಸಿಗಬೇಕಾದರೆ ಎಸ್ಸೆಸ್ಸೆಲ್ಸಿಯಲ್ಲಿ ಶೇ. 60 ಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 55 ಸಾಕು.