ಕೆಟ್ಟಿರೋದು ಹಾರ್ಡ್ ಡಿಸ್ಕೋ, ರ‍್ಯಾಮೋ? ಗೊತ್ತಿರುವವರು ಹೇಳಿ

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್ ಹಳೆಯದು. 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಎರಡು ರ‍್ಯಾಮ್. ಇತ್ತೀಚೆಗೆ ಫೋಲ್ಡರ್ ತೆರೆದರೆ ಹ್ಯಾಂಗ್ ಆಗುತ್ತೆ, ಆಗಾಗ ಬ್ಲೂ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗುತ್ತೆ, ಕೆಲವು ಫೋಟೊ ಅರ್ಧಕ್ಕೇ ಬೂದು ಬಣ್ಣ. ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಲಾ, ಫಾರ್ಮ್ಯಾಟ್ ಮಾಡಲಾ?

ರಿಪೇರಿ ಅಂಗಡಿ, ಶಿವಮೊಗ್ಗ: ದಯವಿಟ್ಟು ಎರಡೂ ಈಗ ಬೇಡ. ಚೆಕ್‌ಡಿಸ್ಕ್ ಸರಿಮಾಡೋದು ಫೈಲ್ ಸಿಸ್ಟಮ್ಮನ್ನ (ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ), ಫೋಟೊ ಉಳಿಸೋದು ಅದರ ಕೆಲಸ ಅಲ್ಲ. ಸೋತ ಡಿಸ್ಕ್ ಮೇಲೆ ಪೂರ್ತಿ ಸ್ಕ್ಯಾನ್ ಹಾಕಿದರೆ ಗಂಟೆಗಟ್ಟಲೆ ದುಡಿಸಿ ಇನ್ನಷ್ಟು ಸುಸ್ತು ಮಾಡುತ್ತೆ. ರ‍್ಯಾಮ್ ಕೆಟ್ಟಿದ್ದರಂತೂ ತಪ್ಪು ಡೇಟಾವನ್ನೇ ಸರಿ ಅಂತ ಡಿಸ್ಕ್‌ಗೆ ಬರೆದುಬಿಡಬಹುದು. ನಮ್ಮಲ್ಲಿಗೆ ಬರುವ ಎಷ್ಟೋ ಡಿಸ್ಕ್ ಹಾಗೆ ‘ರಿಪೇರಿ’ ಆಗಿಯೇ ಬಂದಿರುತ್ತವೆ, ನೋಡಿದರೆ ಸಂಕಟ ಆಗುತ್ತೆ.

ಡಿಸ್ಕ್ ಬಿಚ್ಚಿ, ಚೆನ್ನಾಗಿರುವ ಬೇರೆ ಕಂಪ್ಯೂಟರ್‌ಗೆ ಹಾಕಿ. ಡೆಸ್ಕ್‌ಟಾಪ್ ಡಿಸ್ಕ್‌ಗೆ 12 ವೋಲ್ಟ್ ಬೇಕು, ಹಾಗಾಗಿ ಪವರ್ ಅಡಾಪ್ಟರ್ ಇರುವ ಸಾಟಾ–ಯುಎಸ್‌ಬಿ ಕೇಬಲ್ಲೇ ಆಗಬೇಕು. ಮನೆಯವರ ಫೋಟೊ, ದಾಖಲೆ ಮೊದಲು ಕಾಪಿ ಮಾಡಿ, ಸಿನಿಮಾ ಆಮೇಲೆ. ನಡುವೆ ಸಿಕ್ಕಿಹಾಕಿಕೊಂಡರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋ ಕಾಪಿ ಪ್ರೋಗ್ರಾಂ ಬಳಸಿ. ಅದು ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು.

ಕಾಪಿ ಆದಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 05, ಸಿ5, ಸಿ6 ಸಾಲು ನೋಡಿ. 05 ಅಂದರೆ ಕೆಟ್ಟ ಸೆಕ್ಟರ್ (ಡೇಟಾ ಇಡುವ ಪುಟ್ಟ ಜಾಗ) ಬದಲಿಗೆ ಬೇರೆ ಸೆಕ್ಟರ್ ಕೊಟ್ಟಾಗಿದೆ. ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಸಿ6 ಅಂದರೆ ಡಿಸ್ಕ್ ತಾನೇ ಪರೀಕ್ಷಿಸಿ ಸರಿಮಾಡಲಾಗದವು. ಕೊನೆಯ ಕಾಲಂನ ಸಂಖ್ಯೆ ಹೆಕ್ಸಾದಲ್ಲಿ (16ರ ಎಣಿಕೆಯಲ್ಲಿ) ಇರುತ್ತೆ, 10 ಕಂಡರೆ 16 ಅಂತ ಓದಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನ ಮತ್ತೆ ನಂಬಬೇಡಿ.

ಫೋಟೊ ಸ್ಟುಡಿಯೊ, ಹಾಸನ: ಸಿ7 ಕೂಡ ನೋಡಿ, ಅದು ಡಿಸ್ಕ್–ಕಂಪ್ಯೂಟರ್ ನಡುವೆ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ. ಅದೊಂದೇ ಏರುತ್ತಿದ್ದರೆ ಹೆಚ್ಚಾಗಿ ಡೇಟಾ ಕೇಬಲ್ಲಿನದೇ ತೊಂದರೆ, ಬದಲಾಯಿಸಿ. ಹಳೇ ಎಣಿಕೆ ಸೊನ್ನೆಗೆ ಇಳಿಯಲ್ಲ, ಹೆಚ್ಚದಿದ್ದರೆ ಸಾಕು.

ಸರ್ವರ್ ಅಡ್ಮಿನ್, ಬೆಂಗಳೂರು: ಆ ಪ್ರೋಗ್ರಾಂ ‘ಗುಡ್’ ಅಂತ ತೋರಿಸಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತ್ತು. ಕೆಟ್ಟುಹೋದವುಗಳಲ್ಲಿ ಶೇ 56ಕ್ಕೂ ಹೆಚ್ಚು ಡಿಸ್ಕ್‌ಗಳು ನಾಲ್ಕು ಮುಖ್ಯ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಅದೇ, ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನೇ ಪರೀಕ್ಷಿಸುವಾಗ ಸಿಗುವ ದೋಷ) ಬಂದ ಡಿಸ್ಕ್ 60 ದಿನದೊಳಗೆ ಕೆಡುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಹೆಚ್ಚಿತ್ತು. ಅಂದರೆ ಎಚ್ಚರಿಕೆ ಕಂಡರೆ ನಂಬಿ, ‘ಗುಡ್’ ಅನ್ನ ನಂಬಬೇಡಿ.

ಲ್ಯಾಬ್ ನೋಡಿಕೊಳ್ಳುವವಳು, ಧಾರವಾಡ: ರ‍್ಯಾಮ್ ಬಗ್ಗೆ ನಾನು ಹೇಳ್ತೀನಿ. ಬ್ಲೂ ಸ್ಕ್ರೀನ್‌ನಲ್ಲಿ ಪ್ರತಿಸಲ ಬೇರೆ ಬೇರೆ ಕೋಡ್ ಬರ್ತಿದ್ರೆ, ಚೆನ್ನಾಗಿದ್ದ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ಡೇಟಾ ತಾಳೆಯಾಗದ ದೋಷ) ಬರ್ತಿದ್ರೆ ನನಗೆ ಮೊದಲು ಅನುಮಾನ ಬರೋದು ರ‍್ಯಾಮ್ ಮೇಲೇ. ಡಿಸ್ಕ್ ಹೊರಗಿರುವಾಗಲೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಅನ್ನೋ ಮೆಮೊರಿ ಪರೀಕ್ಷೆ ಹಚ್ಚಿ ರಾತ್ರಿಯಿಡೀ ಬಿಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿ ವೇಗ ಹೆಚ್ಚಿಸುವ ಸೆಟ್ಟಿಂಗ್) ಆನ್ ಇದ್ದರೆ ಮೊದಲು ಆಫ್ ಮಾಡಿ. ಒಂದೇ ಒಂದು ಎರರ್ ಬಂದರೂ ಅದನ್ನ ‘ಸ್ವಲ್ಪ’ ಅಂತ ಬಿಡಬೇಡಿ. ಎರಡನ್ನೂ ತೆಗೆದು, ಒಂದೊಂದನ್ನೇ ಅದೇ ಸ್ಲಾಟ್‌ಗೆ ಹಾಕಿ ಮತ್ತೆ ಓಡಿಸಿ. ಒಂದರಲ್ಲಿ ಮಾತ್ರ ಎರರ್ ಬಂದರೆ ಆ ರ‍್ಯಾಮ್ ಬದಲಿಸಿ. ಎರಡರಲ್ಲೂ ಬಂದು, ಇನ್ನೊಂದು ಸ್ಲಾಟ್‌ನಲ್ಲಿ ಎರಡೂ ಸರಿಯಾಗಿ ಓಡಿದರೆ ಹೊಸ ರ‍್ಯಾಮ್ ಕೊಳ್ಳಬೇಡಿ, ಬೋರ್ಡ್ ತೋರಿಸಿ.