ಭಾವನೆಗಳನ್ನು ಕಲಿಸುವ ಪೀರಿಯಡ್: ಅಧ್ಯಯನಗಳು ಏನು ಹೇಳುತ್ತವೆ?

ಪ್ರಶ್ನೆ (ಶಿಕ್ಷಕಿ, ಉಡುಪಿ)
ಉಡುಪಿ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಪಾಠ ಮಾಡುತ್ತಿದ್ದೇನೆ. ಸಿಟ್ಟು ಬಂದಾಗ ಏನು ಮಾಡಬೇಕು, ಜಗಳವಾಡಿದ ಗೆಳೆಯನೊಡನೆ ಮತ್ತೆ ಹೇಗೆ ಮಾತಿಗಿಳಿಯಬೇಕು ಎಂಬುದನ್ನು ಕಲಿಸಲು ವಾರಕ್ಕೊಂದು ಪೀರಿಯಡ್ ಕೇಳಿದಾಗ, ಗಣಿತ ಹಿಂದೆ ಬೀಳುತ್ತದೆ ಎಂಬ ಆಕ್ಷೇಪ ಬಂತು. ಇಂತಹ ಕಾರ್ಯಕ್ರಮಗಳ ಫಲವನ್ನು ಯಾರಾದರೂ ಅಳೆದು ನೋಡಿದ್ದಾರೆಯೇ?

ಉತ್ತರ (ಬಿ.ಎಡ್. ಉಪನ್ಯಾಸಕ, ಮಂಗಳೂರು)
ನೋಡಿದ್ದಾರೆ ಮೇಡಂ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ ಇಂತಹ 213 ಶಾಲಾ ಕಾರ್ಯಕ್ರಮಗಳ, ಒಟ್ಟು 2,70,034 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿದರು. ಕಲಿಕೆಯನ್ನೂ ಅಳೆದಿದ್ದ ಅಧ್ಯಯನಗಳು ಅವುಗಳಲ್ಲಿ ಒಂದು ಪಾಲು ಮಾತ್ರ; ಅಲ್ಲಿ ಮಕ್ಕಳು ಕಾರ್ಯಕ್ರಮ ಸಿಗದವರಿಗಿಂತ ಕಲಿಕೆಯಲ್ಲಿ 11 ಪರ್ಸೆಂಟೈಲ್‌ನಷ್ಟು ಮುಂದಿದ್ದರು. ಅಂಕ ಹನ್ನೊಂದು ಹೆಚ್ಚಾಯಿತೆಂದು ಇದರ ಅರ್ಥವಲ್ಲ, ನೂರು ಮಕ್ಕಳ ಸಾಲಿನ ನಡುವೆ ನಿಂತಿದ್ದ ಮಗು ಹನ್ನೊಂದು ಸ್ಥಾನ ಮುಂದೆ ಬಂದ ಹಾಗೆ. ಆದರೆ ಹಂತಹಂತವಾಗಿ ಹೆಣೆದ, ಮಕ್ಕಳೇ ಮಾಡಿ ಕಲಿಯುವ ಕಾರ್ಯಕ್ರಮಗಳಿಂದಲೇ ಹೆಚ್ಚು ಫಲ ದೊರೆತಿದೆ. ನೀತಿಕಥೆ ಓದಿಸಿ ಮುಗಿಸಿದರೆ ಸಾಲದು.

ಉತ್ತರ (ಆಪ್ತಸಮಾಲೋಚಕಿ, ಮಂಗಳೂರು)
ಸರ್ ಹೇಳಿದ್ದು ಸರಿ, ಆದರೆ ನಮ್ಮ ದೇಶದ್ದೇ ಒಂದು ಪ್ರಯೋಗವನ್ನು ಮರೆಯಬಾರದು. ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ, ಹದಿಹರೆಯದವರ ಆರೋಗ್ಯಕ್ಕಾಗಿನ 'ಸೆಹೆರ್' ಪ್ರಯೋಗದ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರೂ ಇನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ತರಬೇತಿ ಪಡೆದ ಸ್ಥಳೀಯರೂ ನಡೆಸಿದರು. ಸ್ಥಳೀಯರು ನಡೆಸಿದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಮಕ್ಕಳು ಒಬ್ಬರನ್ನೊಬ್ಬರು ಪೀಡಿಸುವುದೂ ಕಡಿಮೆಯಾದವು. ಶಿಕ್ಷಕರು ನಡೆಸಿದಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಇದು ಶಿಕ್ಷಕರ ಅಸಾಮರ್ಥ್ಯವೆಂದು ನಾನು ಒಪ್ಪುವುದಿಲ್ಲ. ಈಗಾಗಲೇ ತುಂಬಿದ ಹೊರೆಯ ಮೇಲೆ ಇನ್ನೊಂದನ್ನು ಹೇರಿದರೆ ಯಾರಿಂದಲೂ ಆಗದು.

ಭಾಷೆಯ ಸಂಗತಿಯನ್ನೂ ಹೇಳಲೇಬೇಕು. ನಾನು ಕಂಡ ಏಳನೆಯ ತರಗತಿಯ ಹುಡುಗನೊಬ್ಬ ಕಬಡ್ಡಿ ತಂಡದಿಂದ ಕೈಬಿಟ್ಟಾಗಲೂ ಅಜ್ಜಿ ತೀರಿಕೊಂಡಾಗಲೂ 'ಬೇಜಾರು' ಎಂದಷ್ಟೇ ಹೇಳುತ್ತಿದ್ದ. ತುಳುವಿನಲ್ಲಿ ಹೇಳು ಎಂದ ದಿನ ಅರ್ಧ ಗಂಟೆ ಮಾತಾಡಿದ: ತಂಡದವರ ಮೇಲೆ ಸಿಟ್ಟು, ತಂಗಿಯೆದುರು ನಾಚಿಕೆ, ಅಜ್ಜಿಯ ಖಾಲಿ ಮಂಚದ ಬಳಿ ಹೋಗಲು ಭಯ. ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳಿರುವ ತರಗತಿಯಲ್ಲಿ ಈ ಪೀರಿಯಡ್ ಕನ್ನಡದಲ್ಲೇ ನಡೆಯಬೇಕೆಂಬ ಹಠ ಬೇಡ.

ಶಿಕ್ಷಕಿ, ಉಡುಪಿ
ಇಬ್ಬರಿಗೂ ಧನ್ಯವಾದಗಳು. ಡರ್ಲಾಕ್ ಅವರ ಲೆಕ್ಕವನ್ನು ಗಣಿತದ ಮೇಷ್ಟ್ರಿಗೆ ತೋರಿಸುತ್ತೇನೆ. ಬಿಹಾರದ ವಿಷಯವನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟು, ಈ ಪೀರಿಯಡ್‌ಗೆ ಬದಲಾಗಿ ನನ್ನ ಬೇರೆ ಯಾವುದಾದರೂ ಕೆಲಸವನ್ನು ಇಳಿಸಬೇಕೆಂದು ಕೇಳುತ್ತೇನೆ.